ನೆಟ್‌ವರ್ಕ್ ಮತ್ತು ಅಪ್ಲಿಕೇಷನ್ ಮಾನಿಟರಿಂಗ್ ಜೋಡಿಸಲು ಯಾವ ಟೋಕನ್ ಆರಿಸಬೇಕು?

ಸ್ವಿಚ್, ರೌಟರ್, ಲೀಸ್ಡ್ ಲೈನ್‌ಗಳನ್ನು ಜ್ಯಾಬಿಕ್ಸ್ ಎಂಬ ಮಾನಿಟರಿಂಗ್ ಟೂಲ್ ನೋಡಿಕೊಳ್ಳುತ್ತಿರುತ್ತದೆ. ಅಪ್ಲಿಕೇಷನ್ ಎಷ್ಟು ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಿದೆ, ಎಷ್ಟು ರಿಕ್ವೆಸ್ಟ್ ಬಿದ್ದುಹೋಗುತ್ತಿವೆ ಎಂಬ ಲೆಕ್ಕ ಪ್ರೊಮೀಥಿಯಸ್‌ನಲ್ಲೋ ಆ್ಯಪ್‌ಡೈನಮಿಕ್ಸ್‌ನಲ್ಲೋ ಇರುತ್ತದೆ. ಸೈಟು ನಿಧಾನವಾಗಿದೆ ಎಂದು ದೂರು ಬಂದಾಗ ಒಂದು ತಂಡ ತನ್ನ ಪರದೆ ನೋಡಿ ಲಿಂಕ್ ಸರಿಯಿದೆ ಅನ್ನುತ್ತದೆ, ಇನ್ನೊಂದು ತನ್ನ ಪರದೆ ನೋಡಿ ಸರ್ವರ್ ಸರಿಯಿದೆ ಅನ್ನುತ್ತದೆ. ಎರಡನ್ನೂ ಒಂದೇ ಡ್ಯಾಶ್‌ಬೋರ್ಡಿನಲ್ಲಿ, ಒಂದರ ಕೆಳಗೆ ಒಂದು ಇಟ್ಟಾಗಲೇ ಪ್ಯಾಕೆಟ್ ಲಾಸ್ ಏರಿದ ನಿಮಿಷಕ್ಕೂ ಡೇಟಾಬೇಸ್ ಕಾಲ್‌ಗಳು ಟೈಮೌಟ್ ಆದ ನಿಮಿಷಕ್ಕೂ ಇರುವ ನಂಟು ಕಾಣುವುದು.

ಈ ಎರಡನ್ನು ಜೋಡಿಸುವುದು ಒಂದು ಟೋಕನ್, ಅಂದರೆ ಒಂದು ಟೂಲ್ ಇನ್ನೊಂದಕ್ಕೆ ತನ್ನ ಗುರುತು ತೋರಿಸಲು ಬಳಸುವ ಗುಟ್ಟಿನ ಅಕ್ಷರಸಾಲು. ಅದನ್ನು ಆರಿಸುವಾಗ ಹೆಚ್ಚಿನವರು ಯಾವುದು ಬೇಗ ಕೆಲಸ ಮಾಡುತ್ತದೆ ಎಂದಷ್ಟೇ ನೋಡುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಟೋಕನ್ ಸತ್ತ ದಿನ ಯಾರಿಗೆ ಗೊತ್ತಾಗುತ್ತದೆ? ಬಿಲ್ಲಿಂಗ್ ಟೋಕನ್ ಸತ್ತರೆ ಗ್ರಾಹಕರೇ ಫೋನ್ ಮಾಡುತ್ತಾರೆ. ಮಾನಿಟರಿಂಗ್ ಟೋಕನ್ ಸತ್ತರೆ ಗ್ರಾಫು ಖಾಲಿಯಾಗುತ್ತದೆ, ಅಲರ್ಟ್ ಬರುವುದು ನಿಲ್ಲುತ್ತದೆ, ಎಲ್ಲವೂ ಚೆನ್ನಾಗಿದೆ ಎಂಬಂತೆ ಕಾಣುತ್ತದೆ. ಕೆಳಗಿನ ಹೋಲಿಕೆಯಲ್ಲಿ ನಾವು ಹೆಚ್ಚು ತೂಕ ಕೊಟ್ಟಿರುವುದು ಇದಕ್ಕೇ.

ಮೊದಲು ದಿಕ್ಕು ಗೊತ್ತಾಗಲಿ

ಮಾಹಿತಿ ಎರಡು ರೀತಿಯಲ್ಲಿ ಹರಿಯುತ್ತದೆ. ಒಂದು ಟೂಲ್ ಇನ್ನೊಂದರ ಬಳಿಗೆ ಹೋಗಿ ಕೇಳಿ ತರುವುದು ಒಂದು ರೀತಿ. ಡ್ಯಾಶ್‌ಬೋರ್ಡ್ ತೋರಿಸುವ ಗ್ರಫಾನಾ ಜ್ಯಾಬಿಕ್ಸ್‌ನಿಂದ ಓದುವುದು ಹೀಗೆ. ಮೊದಲ ಟೂಲೇ ತನ್ನಲ್ಲಿರುವುದನ್ನು ಎರಡನೆಯದಕ್ಕೆ ತಳ್ಳುವುದು ಇನ್ನೊಂದು ರೀತಿ, ಜ್ಯಾಬಿಕ್ಸ್ 6.4ರಲ್ಲಿ ಬಂದ ಕನೆಕ್ಟರ್ ಮೆಟ್ರಿಕ್‌ಗಳನ್ನು (ಅಳತೆಯ ಅಂಕಿಗಳನ್ನು) ಹೊರಗಿನ ಎಚ್‌ಟಿಟಿಪಿ ವಿಳಾಸಕ್ಕೆ ಕಳಿಸುವುದು ಹೀಗೆ. ಓದುವ ಜೋಡಣೆಗೆ ಓದುವ ಟೋಕನ್ ಸಾಕು, ತಳ್ಳುವ ಜೋಡಣೆಗೆ ಬರೆಯುವ ಟೋಕನ್ ಸಾಕು. ಎರಡೂ ಮಾಡಬಲ್ಲ ಟೋಕನ್ ಬೇಕಾಗುವ ಸಂದರ್ಭ ತೀರಾ ಕಡಿಮೆ. ಕೈಗೆ ಸಿಕ್ಕ ಅಡ್ಮಿನ್ ಟೋಕನ್ನನ್ನೇ ಹಾಕುವುದಕ್ಕೆ ಕಾರಣ ಸೋಮಾರಿತನವಲ್ಲ, ಯಾವ ಪರ್ಮಿಷನ್ ಕೊಡಬೇಕೆಂದು ಗೊತ್ತಾಗದಿರುವುದು. ದಿಕ್ಕನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡರೆ ಆ ಗೊಂದಲ ಅರ್ಧ ಕಳೆಯುತ್ತದೆ.

ವ್ಯಕ್ತಿಯ ಹೆಸರಿನ ಟೋಕನ್

ತಮ್ಮ ಲಾಗಿನ್‌ನಲ್ಲಿ ಹೋಗಿ, ಪ್ರೊಫೈಲ್ ತೆರೆದು, ಟೋಕನ್ ತೆಗೆದು, ಇನ್ನೊಂದು ಟೂಲ್‌ಗೆ ಅಂಟಿಸುವುದು. ಎರಡೇ ನಿಮಿಷದ ಕೆಲಸ. ಸಿಸ್ಕೊ ಕಂಪನಿಯ ಥೌಸಂಡ್‌ಐಸ್‌ನಲ್ಲಿ ಬಳಕೆದಾರರ ಪ್ರೊಫೈಲ್‌ನಿಂದ ತೆಗೆಯುವ ಓಆಥ್ (ಪಾಸ್‌ವರ್ಡ್ ಬದಲು ಟೋಕನ್ ಕೊಡುವ ಪದ್ಧತಿ) ಬೇರರ್ ಟೋಕನ್ ಈ ಬಗೆಯದು. ಮಾನಿಟರಿಂಗ್ ಸೇವೆ ಡೇಟಾಡಾಗ್‌ನ ಅಪ್ಲಿಕೇಷನ್ ಕೀ ಕೂಡ ಅದನ್ನು ಮಾಡಿದ ಬಳಕೆದಾರರಿಗೆ ಅಂಟಿಕೊಂಡಿರುತ್ತದೆ.

ಇದರ ದೋಷ ಒಂದೇ, ಆದರೆ ದೊಡ್ಡದು. ಆ ವ್ಯಕ್ತಿ ಕೆಲಸ ಬಿಟ್ಟಾಗ ಅಕೌಂಟ್ ಮುಚ್ಚುತ್ತಾರೆ, ಅದರ ಜೊತೆ ಟೋಕನ್ನೂ ಹೋಗುತ್ತದೆ. ಡೇಟಾಡಾಗ್‌ನಲ್ಲಿ ಬಳಕೆದಾರರನ್ನು ನಿಷ್ಕ್ರಿಯಗೊಳಿಸಿದರೆ ಅವರು ಮಾಡಿದ ಅಪ್ಲಿಕೇಷನ್ ಕೀಗಳು ರದ್ದಾಗುತ್ತವೆ, ಡೇಟಾ ಕಳಿಸಲು ಬಳಸುವ ಎಪಿಐ (ಪ್ರೋಗ್ರಾಮ್‌ಗಳು ಮಾತಾಡಿಕೊಳ್ಳುವ ಬಾಗಿಲು) ಕೀಗಳು ಮಾತ್ರ ಉಳಿಯುತ್ತವೆ. ಹಾಗಾಗಿ ಡೇಟಾ ಒಳಗೆ ಬರುತ್ತಲೇ ಇರುತ್ತದೆ, ಅದನ್ನು ಓದುವ ಕಡೆ ಮಾತ್ರ ನಿಂತಿರುತ್ತದೆ. ಹುಡುಕುವವರು ಡೇಟಾ ಕಳಿಸುವ ಏಜೆಂಟ್ ಸರಿಯಿದೆಯಲ್ಲ ಎಂದು ತಪ್ಪು ದಾರಿ ಹಿಡಿಯುವುದು ಇಲ್ಲೇ. ವ್ಯಕ್ತಿಯ ಟೋಕನ್ ಪ್ರಯೋಗಕ್ಕೆ ಸರಿ, ಒಂದು ಮಧ್ಯಾಹ್ನದ ಪರೀಕ್ಷೆಗೆ ಸರಿ. ಪ್ರೊಡಕ್ಷನ್‌ನಲ್ಲಿ ಬೇಡವೇ ಬೇಡ. ಟೂಲ್‌ನಲ್ಲಿ ಬೇರೆ ದಾರಿ ಇಲ್ಲದಿದ್ದರೆ, ಜೋಡಣೆಗೆಂದೇ ಪ್ರತ್ಯೇಕ ಬಳಕೆದಾರರನ್ನು ಸೃಷ್ಟಿಸಿ, ಇಮೇಲ್ ಜಾಗದಲ್ಲಿ ತಂಡದ ಗುಂಪು ವಿಳಾಸ ಕೊಟ್ಟು, ಅದರಿಂದ ಟೋಕನ್ ತೆಗೆಯಿರಿ.

ಸರ್ವಿಸ್ ಅಕೌಂಟ್ ಟೋಕನ್

ಬಹುಪಾಲು ತಂಡಗಳಿಗೆ ನಮ್ಮ ಶಿಫಾರಸು ಇದು. ಅಕೌಂಟ್ ಯಾವ ವ್ಯಕ್ತಿಯದ್ದೂ ಅಲ್ಲ, ಕೆಲಸದ್ದು. ಗ್ರಫಾನಾದಲ್ಲಿ ಹಳೆಯ ಎಪಿಐ ಕೀಗಳ ಜಾಗಕ್ಕೆ ಸರ್ವಿಸ್ ಅಕೌಂಟ್‌ಗಳು ಬಂದಿವೆ. ಅಕೌಂಟಿಗೆ ವ್ಯೂವರ್, ಎಡಿಟರ್, ಅಡ್ಮಿನ್ ಎಂದು ರೋಲ್ ಕೊಡಬಹುದು, ಒಂದೇ ಅಕೌಂಟಿಗೆ ಒಂದಕ್ಕಿಂತ ಹೆಚ್ಚು ಟೋಕನ್ ಇರಬಹುದು, ಪ್ರತಿ ಟೋಕನ್ನಿಗೂ ಅವಧಿ ಹಾಕಬಹುದು. ಒಂದೇ ಅಕೌಂಟಿಗೆ ಎರಡು ಟೋಕನ್ ಎನ್ನುವುದು ಸಣ್ಣ ಸೌಲಭ್ಯದಂತೆ ಕಂಡರೂ ಟೋಕನ್ ಬದಲಿಸುವ ದಿನ ಅದೇ ಕೈ ಹಿಡಿಯುತ್ತದೆ.

ಜ್ಯಾಬಿಕ್ಸ್‌ನಲ್ಲಿ ಸರ್ವಿಸ್ ಅಕೌಂಟ್ ಎಂಬ ಬೇರೆ ಬಗೆ ಇಲ್ಲ. 5.4ರಿಂದ ಎಪಿಐ ಟೋಕನ್ ಇದೆ, ಅದು ಒಬ್ಬ ಬಳಕೆದಾರರಿಗೆ ಸೇರಿರುತ್ತದೆ. ಆದ್ದರಿಂದ ಜೋಡಣೆಗೆಂದೇ ಒಬ್ಬ ಬಳಕೆದಾರರನ್ನು ಮಾಡಿದರೆ ಅದೇ ಸರ್ವಿಸ್ ಅಕೌಂಟ್ ಆಯಿತು.

ಇನ್ನೊಂದು ಮಾನಿಟರಿಂಗ್ ಟೂಲ್ ಡೈನಾಟ್ರೇಸ್‌ನ ಟೋಕನ್ ರಚನೆ ಇಲ್ಲಿ ಹೇಳಲೇಬೇಕಾದದ್ದು. ಚುಕ್ಕೆಗಳಿಂದ ಬೇರ್ಪಟ್ಟ ಮೂರು ಭಾಗ: ಬಗೆ ಹೇಳುವ ಮುನ್ನುಡಿ, 24 ಅಕ್ಷರಗಳ ಬಹಿರಂಗ ಗುರುತು, 64 ಅಕ್ಷರಗಳ ಗುಟ್ಟಿನ ಭಾಗ. ಮೊದಲೆರಡು ಭಾಗವನ್ನು ಟಿಕೆಟ್‌ನಲ್ಲೋ ಲಾಗ್‌ನಲ್ಲೋ ಬರೆದರೆ ತೊಂದರೆಯಿಲ್ಲ, ಯಾವ ಟೋಕನ್ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಜೊತೆಗೆ ಮೆಟ್ರಿಕ್ ಓದುವುದು, ಮೆಟ್ರಿಕ್ ಕಳಿಸುವುದು, ಪ್ರಾಬ್ಲಮ್ ಓದುವುದು ಎಂದು ಅನುಮತಿಗಳನ್ನು ಒಂದೊಂದಾಗಿ ಆರಿಸಬಹುದು.

ಐದು ನಿಮಿಷದ ಟೋಕನ್

ಓಆಥ್ 2.0ದ ಕ್ಲೈಂಟ್ ಕ್ರೆಡೆನ್ಷಿಯಲ್ಸ್ ವಿಧಾನದಲ್ಲಿ ಜೋಡಿಸುವ ಟೂಲ್‌ನ ಬಳಿ ಕ್ಲೈಂಟ್ ಐಡಿ ಮತ್ತು ಸೀಕ್ರೆಟ್ ಇರುತ್ತವೆ. ಅವನ್ನು ತೋರಿಸಿ ಸ್ವಲ್ಪ ಹೊತ್ತು ಬಾಳುವ ಟೋಕನ್ ಪಡೆಯುತ್ತದೆ, ಮುಗಿದಾಗ ಮತ್ತೆ ಪಡೆಯುತ್ತದೆ. ಆ್ಯಪ್‌ಡೈನಮಿಕ್ಸ್‌ನ ಎಪಿಐ ಕ್ಲೈಂಟ್ ಹೀಗೇ ನಡೆಯುತ್ತದೆ. ಎಪಿಐ ಮೂಲಕ ಪಡೆದ ಟೋಕನ್ನಿನ ಆಯಸ್ಸು, ಬದಲಿಸದಿದ್ದರೆ, 5 ನಿಮಿಷ. ಕ್ಲೈಂಟ್ ಐಡಿ ಬರೆಯುವಾಗ ಕ್ಲೈಂಟ್ ಹೆಸರು, ಆ್ಯಟ್ ಚಿಹ್ನೆ, ಅಕೌಂಟ್ ಹೆಸರು, ಈ ಮೂರೂ ಸೇರಿರಬೇಕು. ಬರೀ ಕ್ಲೈಂಟ್ ಹೆಸರು ಹಾಕಿ 401 (ಗುರುತು ಒಪ್ಪಲಿಲ್ಲ ಎಂಬ ಎರರ್) ಪಡೆಯುವುದು ಮೊದಲ ದಿನದ ಮಾಮೂಲಿ ತಪ್ಪು.

ಅದೇ ಆ್ಯಪ್‌ಡೈನಮಿಕ್ಸ್‌ನ ಪರದೆಯಲ್ಲೇ ಗುಂಡಿ ಒತ್ತಿ ತಾತ್ಕಾಲಿಕ ಟೋಕನ್ ತೆಗೆಯಲೂಬಹುದು. ಅದರ ಆಯಸ್ಸು 24 ಗಂಟೆ ಎಂದು ಇರುತ್ತದೆ. ಅದನ್ನು ಸ್ಕ್ರಿಪ್ಟಿಗೆ ಅಂಟಿಸಿದರೆ ಇವತ್ತು ಎಲ್ಲ ಚೆಂದ, ನಾಳೆ ಇದೇ ಹೊತ್ತಿಗೆ ನಿಲ್ಲುತ್ತದೆ. ನಿನ್ನೆ ನಡೆದದ್ದು ಇವತ್ತು ಯಾಕಿಲ್ಲ ಎಂಬ ಪ್ರಶ್ನೆ ಬಂದಾಗ ಮೊದಲು ಟೋಕನ್ ಎಲ್ಲಿಂದ ತೆಗೆದದ್ದೆಂದು ಕೇಳಿ.

ಸೋರಿದರೂ ಐದು ನಿಮಿಷದಲ್ಲಿ ಟೋಕನ್ ನಿರುಪಯೋಗಿ, ಇದೇ ಇದರ ದೊಡ್ಡ ಲಾಭ. ಆದರೆ ಒಂದು ಷರತ್ತಿದೆ: ಜೋಡಿಸುವ ಟೂಲೇ ಟೋಕನ್ನನ್ನು ತಾನಾಗಿ ನವೀಕರಿಸಬೇಕು. ಪ್ರೊಮೀಥಿಯಸ್ ಈ ಕೆಲಸ ಬಲ್ಲದು. ಮೆಟ್ರಿಕ್ ಎಲ್ಲಿಂದ ತರಬೇಕೆಂದು ಬರೆಯುವ ಅದರ ಸ್ಕ್ರೇಪ್ ಕಾನ್ಫಿಗ್‌ನಲ್ಲಿ ಓಆಥ್2 ಎಂಬ ಭಾಗ ಇದೆ. ಕ್ಲೈಂಟ್ ಐಡಿ, ಸೀಕ್ರೆಟ್, ಟೋಕನ್ ವಿಳಾಸ, ಸ್ಕೋಪ್ ಕೊಟ್ಟರೆ ಉಳಿದದ್ದು ಅದರ ಹೊಣೆ. ಹೆಡರ್ (ರಿಕ್ವೆಸ್ಟಿನ ಜೊತೆ ಹೋಗುವ ಗುರುತಿನ ಸಾಲು) ಬರೆಯಲು ಒಂದು ಪೆಟ್ಟಿಗೆ ಮಾತ್ರ ಇರುವ ಟೂಲ್‌ಗೆ ಈ ಬಗೆಯ ಟೋಕನ್ ಹೊಂದುವುದಿಲ್ಲ. ನಡುವೆ ಸ್ಕ್ರಿಪ್ಟ್ ಬರೆದು ತೇಪೆ ಹಾಕಿದರೆ ಆ ಸ್ಕ್ರಿಪ್ಟ್ ನಡೆಯುತ್ತಿದೆಯೇ ಎಂದು ಮಾನಿಟರ್ ಮಾಡುವ ಕೆಲಸವೂ ಹೆಗಲಿಗೆ ಬರುತ್ತದೆ.

ನೀವೇ ಕೋಡ್ ಬರೆಯುವುದಾದರೆ ಎರಡು ವಿಷಯ ನೆನಪಿರಲಿ. ಪ್ರತಿ ಕ್ವೆರಿಗೂ ಹೊಸ ಟೋಕನ್ ಕೇಳಬೇಡಿ, 429 (ಮಿತಿ ಮೀರಿ ಕೇಳಿದಿರಿ ಎಂಬ ಎರರ್) ಬಂದು ಎಲ್ಲವೂ ನಿಲ್ಲುತ್ತದೆ. ಪಡೆದದ್ದನ್ನು ಇಟ್ಟುಕೊಂಡು 5 ನಿಮಿಷದ ಟೋಕನ್ನನ್ನು 4ನೇ ನಿಮಿಷಕ್ಕೆ ನವೀಕರಿಸಿ. ಅವಧಿಯನ್ನು ಉತ್ತರದಲ್ಲಿ ಬರುವ ಸೆಕೆಂಡುಗಳ ಲೆಕ್ಕದಿಂದ ಎಣಿಸಿ, ಗೋಡೆ ಗಡಿಯಾರದ ಸಮಯದಿಂದಲ್ಲ. ನಿಮ್ಮ ಕೋಡ್ ನಡೆಯುವ ಯಂತ್ರದ ಗಡಿಯಾರ ಟೋಕನ್ ಕೊಡುವ ಸರ್ವರಿಗಿಂತ 6 ನಿಮಿಷ ಮುಂದಿದ್ದರೆ 5 ನಿಮಿಷದ ಟೋಕನ್ ಹುಟ್ಟುವಾಗಲೇ ಸತ್ತಂತೆ ಕಾಣುತ್ತದೆ. ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯ ಸರ್ವರ್‌ಗಳಿಗೆ ಗಡಿಯಾರ ಹೊಂದಿಸಬೇಕೆಂದು ಹೇಳಿದೆ. ಅದನ್ನು ಪಾಲಿಸಿದವರಿಗೆ ಈ ತೊಂದರೆ ಬರುವುದಿಲ್ಲ, ಎರಡು ಟೂಲ್‌ಗಳ ಗ್ರಾಫು ಒಂದರ ಕೆಳಗೆ ಒಂದು ಸರಿಯಾಗಿ ಕೂರುವುದಕ್ಕೂ ಅದೇ ಬೇಕು.

ಬರೆಯಲಷ್ಟೇ ಬಿಡುವ ಟೋಕನ್

ಸ್ಪ್ಲಂಕ್‌ನ ಎಚ್‌ಇಸಿ (ಎಚ್‌ಟಿಟಿಪಿ ಮೂಲಕ ಡೇಟಾ ತೆಗೆದುಕೊಳ್ಳುವ ಬಾಗಿಲು) ಟೋಕನ್, ನ್ಯೂ ರೆಲಿಕ್‌ನ ಲೈಸೆನ್ಸ್ ಕೀ, ಡೇಟಾಡಾಗ್‌ನ ಎಪಿಐ ಕೀ ಈ ಗುಂಪಿನವು. ಡೇಟಾ ಒಳಗೆ ಹಾಕಬಹುದು, ಒಳಗಿರುವುದನ್ನು ಓದಲಾಗದು. ನೂರಾರು ಯಂತ್ರಗಳ ಏಜೆಂಟ್‌ಗಳಲ್ಲಿ ಹಂಚಬೇಕಾದದ್ದು ಇಂಥ ಟೋಕನ್ನೇ. ಹಾಗೆಂದು ಅಸಡ್ಡೆ ಸಲ್ಲದು. ಇದನ್ನು ಕದ್ದವರು ಸುಳ್ಳು ಮೆಟ್ರಿಕ್ ತುಂಬಿ ನಿಮ್ಮ ಬಿಲ್ಲನ್ನೂ ಏರಿಸಬಹುದು, ನಿಜವಾದ ಅಲರ್ಟನ್ನೂ ಮುಚ್ಚಬಹುದು. ಒಂದೊಂದು ಕಚೇರಿಗೆ, ಒಂದೊಂದು ಪರಿಸರಕ್ಕೆ ಬೇರೆ ಬೇರೆ ಟೋಕನ್ ಕೊಟ್ಟರೆ ಒಂದನ್ನು ರದ್ದು ಮಾಡಿದಾಗ ಉಳಿದವು ನಡೆಯುತ್ತವೆ.

ನೋಡುವವರ ಗುರುತನ್ನೇ ದಾಟಿಸುವುದು

ಗ್ರಫಾನಾದ ಕೆಲವು ಡೇಟಾ ಸೋರ್ಸ್‌ಗಳಲ್ಲಿ ಫಾರ್ವರ್ಡ್ ಓಆಥ್ ಐಡೆಂಟಿಟಿ ಎಂಬ ಆಯ್ಕೆ ಇದೆ. ಡ್ಯಾಶ್‌ಬೋರ್ಡ್ ನೋಡುತ್ತಿರುವವರ ಸ್ವಂತ ಟೋಕನ್ನೇ ಹಿಂದಿನ ಟೂಲ್‌ಗೆ ಹೋಗುತ್ತದೆ. ಯಾರಿಗೆ ಏನು ಕಾಣಬೇಕೋ ಅಷ್ಟೇ ಕಾಣುತ್ತದೆ. ಭದ್ರತೆಯವರಿಗೆ ಬಹಳ ಇಷ್ಟವಾಗುವ ವ್ಯವಸ್ಥೆ. ಆದರೆ ಅಲರ್ಟ್ ನಿಯಮಗಳು ಹಿನ್ನೆಲೆಯಲ್ಲಿ ನಡೆಯುತ್ತವೆ, ಅಲ್ಲಿ ನೋಡುವವರೇ ಇಲ್ಲ, ದಾಟಿಸಲು ಟೋಕನ್ನೂ ಇಲ್ಲ. ಡ್ಯಾಶ್‌ಬೋರ್ಡ್ ಚೆಂದ ಕಾಣುತ್ತದೆ, ರಾತ್ರಿ ಮೂರಕ್ಕೆ ಅಲರ್ಟ್ ನಿಯಮ ಡೇಟಾ ಸಿಗದೆ ಎರರ್ ಆಗುತ್ತದೆ. ಅಲರ್ಟ್ ಬೇಕಿದ್ದರೆ ಅದೇ ಟೂಲ್‌ಗೆ ಸರ್ವಿಸ್ ಅಕೌಂಟ್ ಟೋಕನ್ನಿನ ಎರಡನೇ ಡೇಟಾ ಸೋರ್ಸ್ ಮಾಡಿ, ನಿಯಮಗಳನ್ನು ಅದರ ಮೇಲೆ ಬರೆಯಿರಿ.

ಜ್ಯಾಬಿಕ್ಸ್‌ನಿಂದ ಗ್ರಫಾನಾಕ್ಕೆ: ಹೆಜ್ಜೆಗಳು

1. ಜ್ಯಾಬಿಕ್ಸ್‌ನಲ್ಲಿ ಹೊಸ ಯೂಸರ್ ರೋಲ್ ಮಾಡಿ. ಬಗೆ ಯೂಸರ್ ಇರಲಿ, ಸೂಪರ್ ಅಡ್ಮಿನ್ ಬೇಡ. ಸೂಪರ್ ಅಡ್ಮಿನ್‌ಗೆ ಹೋಸ್ಟ್ ಗುಂಪುಗಳ ಪರ್ಮಿಷನ್ ಲೆಕ್ಕಕ್ಕೇ ಬರುವುದಿಲ್ಲ. ಎಪಿಐ ಪ್ರವೇಶ ಆನ್ ಮಾಡಿ, ಮೆಥಡ್‌ಗಳ ಅಲೌ ಲಿಸ್ಟ್‌ನಲ್ಲಿ ನಕ್ಷತ್ರ ಚಿಹ್ನೆ, ಚುಕ್ಕೆ, ಗೆಟ್ ಎಂದು ಬರೆಯಿರಿ. ಓದುವ ಮೆಥಡ್‌ಗಳೆಲ್ಲ ತೆರೆಯುತ್ತವೆ, ಬದಲಿಸುವ ಒಂದೂ ತೆರೆಯುವುದಿಲ್ಲ. ಗ್ರಫಾನಾದಿಂದಲೇ ಪ್ರಾಬ್ಲಮ್‌ಗಳನ್ನು ಅಕ್ನಾಲೆಜ್ ಮಾಡಬೇಕಿದ್ದರೆ ಇವೆಂಟ್ ಅಕ್ನಾಲೆಜ್ ಮೆಥಡ್ ಒಂದನ್ನು ಸೇರಿಸಿ.

2. ಯೂಸರ್ ಗುಂಪು ಮಾಡಿ ಬೇಕಾದ ಹೋಸ್ಟ್ ಗುಂಪುಗಳಿಗೆ ರೀಡ್ ಪರ್ಮಿಷನ್ ಕೊಡಿ. ಈ ಹೆಜ್ಜೆ ಮರೆತರೆ ಎರರ್ ಬರುವುದಿಲ್ಲ, ಅದೇ ಅಪಾಯ. ಪರ್ಮಿಷನ್ ಇಲ್ಲದ ಹೋಸ್ಟ್ ಇಲ್ಲವೇ ಇಲ್ಲ ಎಂಬಂತೆ ಜ್ಯಾಬಿಕ್ಸ್ ಖಾಲಿ ಪಟ್ಟಿ ಕೊಡುತ್ತದೆ. ಟೆಸ್ಟ್ ಪಾಸಾಯಿತು, ಡ್ರಾಪ್‌ಡೌನ್ ಖಾಲಿ ಎಂದರೆ ಟೋಕನ್ ಸರಿಯಿದೆ, ಗುಂಪಿನ ಪರ್ಮಿಷನ್ ಇಲ್ಲ ಎಂದರ್ಥ.

3. ಆ ಬಳಕೆದಾರರಿಗೆ ಎಪಿಐ ಟೋಕನ್ ಸೃಷ್ಟಿಸಿ. 6.4ರಿಂದ ಈಚೆಗೆ ಅದು ಯೂಸರ್ಸ್ ಮೆನುವಿನ ಕೆಳಗಿದೆ. ಅವಧಿ 90 ದಿನ ಇಡಿ. ಟೋಕನ್ ಒಂದೇ ಸಲ ಕಾಣುತ್ತದೆ, ಆಗಲೇ ಪಾಸ್‌ವರ್ಡ್ ವಾಲ್ಟ್‌ಗೆ ಹಾಕಿ.

4. ಗ್ರಫಾನಾದಲ್ಲಿ ಜ್ಯಾಬಿಕ್ಸ್ ಪ್ಲಗಿನ್ ಹಾಕಿ, ಡೇಟಾ ಸೋರ್ಸ್ ವಿಳಾಸದ ಕೊನೆಯಲ್ಲಿ ಜ್ಯಾಬಿಕ್ಸ್‌ನ ಜೆಸನ್ ಆರ್‌ಪಿಸಿ ಪಿಎಚ್‌ಪಿ ಫೈಲ್ ಹೆಸರು (api_jsonrpc.php) ಇರುವಂತೆ ಬರೆದು, ದೃಢೀಕರಣದ ಬಗೆಯಲ್ಲಿ ಎಪಿಐ ಟೋಕನ್ ಆರಿಸಿ. ವಿಳಾಸ ನೇರವಾಗಿ ಎಚ್‌ಟಿಟಿಪಿಎಸ್‌ನದ್ದೇ ಇರಲಿ. ಎಚ್‌ಟಿಟಿಪಿಯಿಂದ ರೀಡೈರೆಕ್ಟ್ ಆದರೆ ಪೋಸ್ಟ್ ರಿಕ್ವೆಸ್ಟ್ ದಾರಿಯಲ್ಲಿ ಗೆಟ್ ಆಗಿಬಿಡಬಹುದು; ಜೊತೆಗೆ ಮೊದಲ ರಿಕ್ವೆಸ್ಟಿನಲ್ಲಿ ಟೋಕನ್ ಗೂಢಲಿಪಿಯಿಲ್ಲದೆ ಹೋಗಿರುತ್ತದೆ.

ಆವೃತ್ತಿಯ ಬಗ್ಗೆ ಒಂದು ಮಾತು. ಹಳೆಯ ಜ್ಯಾಬಿಕ್ಸ್‌ನಲ್ಲಿ ಟೋಕನ್ ಜೆಸನ್ ಒಳಗಿನ ಆಥ್ ಎಂಬ ಜಾಗದಲ್ಲಿ ಹೋಗುತ್ತಿತ್ತು. 6.4ರಲ್ಲಿ ಆಥರೈಸೇಷನ್ ಹೆಡರ್ ಬಂತು, 7.2ರಲ್ಲಿ ಹಳೆಯ ಜಾಗವನ್ನು ತೆಗೆದೇಹಾಕಿದರು. ಅಪ್‌ಗ್ರೇಡ್ ಮಾಡಿದ ದಿನ ಹಳೆಯ ಪೈಥಾನ್ ಸ್ಕ್ರಿಪ್ಟ್‌ಗಳೆಲ್ಲ ಒಟ್ಟಿಗೆ ಬಿದ್ದರೆ ಕಾರಣ ಇದು. ಹೆಡರ್ ಸರಿಯಿದ್ದೂ ದೃಢೀಕರಣ ಆಗದಿದ್ದರೆ ಅಪಾಚೆ ವೆಬ್ ಸರ್ವರ್ ನೋಡಿ. ಪಿಎಚ್‌ಪಿ-ಎಫ್‌ಪಿಎಂ ಜೊತೆಗಿದ್ದಾಗ ಅದು ಆ ಹೆಡರನ್ನು ಒಳಗೆ ಬಿಡದೆ ಇರಬಹುದು. ಅಪಾಚೆಯ ಸಿಜಿಐ ಪಾಸ್ ಆಥ್ ಎಂಬ ಆಯ್ಕೆ ಆನ್ ಮಾಡಿದರೆ ಸರಿಹೋಗುತ್ತದೆ.

ಟೋಕನ್ ಸರಿ, ಆದರೂ 401

ಆಥರೈಸೇಷನ್ ಹೆಡರಿನಲ್ಲಿ ಟೋಕನ್ನಿನ ಮುಂದೆ ಬರೆಯುವ ಬೇರರ್ ಎಂಬ ಪದ ಎಲ್ಲ ಟೂಲ್‌ಗೂ ನಡೆಯುವುದಿಲ್ಲ. ಜ್ಯಾಬಿಕ್ಸ್, ಗ್ರಫಾನಾ, ಥೌಸಂಡ್‌ಐಸ್‌ಗೆ ಬೇರರ್. ಸ್ಪ್ಲಂಕ್ ಎಚ್‌ಇಸಿಗೆ ಆ ಜಾಗದಲ್ಲಿ ಸ್ಪ್ಲಂಕ್ ಎಂದೇ ಬರೆಯಬೇಕು, ಮೇಲೆ ಹೇಳಿದ ಡೈನಾಟ್ರೇಸ್ ಟೋಕನ್ನಿಗೆ ಎಪಿಐ-ಟೋಕನ್ ಎಂದು. ನೆಟ್‌ವರ್ಕ್ ಮಾನಿಟರಿಂಗ್ ಟೂಲ್ ಲಿಬ್ರೆಎನ್‌ಎಂಎಸ್‌ಗೆ ಆಥರೈಸೇಷನ್ ಹೆಡರೇ ಅಲ್ಲ, ಎಕ್ಸ್-ಆಥ್-ಟೋಕನ್ ಎಂಬ ಬೇರೆ ಹೆಡರ್. ಪ್ರೊಮೀಥಿಯಸ್‌ನಲ್ಲಿ ಆಥರೈಸೇಷನ್ ಭಾಗದ ಟೈಪ್ ಎಂಬಲ್ಲಿ ಈ ಪದವನ್ನು ಬದಲಿಸಬಹುದು. ಅಂದಹಾಗೆ, ಪ್ರೊಮೀಥಿಯಸ್ ಬೇರೆಯವರಿಗೆ ಬೇರರ್ ಟೋಕನ್ ತೋರಿಸಬಲ್ಲದು, ತನ್ನ ಬಾಗಿಲಲ್ಲಿ ಅದನ್ನು ಪರೀಕ್ಷಿಸಲಾರದು. ಅದಕ್ಕೆ ಬೇಸಿಕ್ ಆಥ್ ಮತ್ತು ಟಿಎಲ್‌ಎಸ್ ಸರ್ಟಿಫಿಕೇಟ್ ಮಾತ್ರ ಗೊತ್ತು. ಟೋಕನ್ ಬೇಕೆಂದರೆ ಮುಂದೆ ರಿವರ್ಸ್ ಪ್ರಾಕ್ಸಿ ಇಡಬೇಕು.

ಗ್ರಫಾನಾದ ಮುಂದೆ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನ ಬೇಸಿಕ್ ಆಥ್ (ಹೆಸರು, ಪಾಸ್‌ವರ್ಡಿನ ತಡೆ) ಹಾಕಿರುವವರು ಇನ್ನೊಂದು ಗೋಡೆಗೆ ಹಾಯುತ್ತಾರೆ. ಬೇಸಿಕ್ ಆಥ್ ಮತ್ತು ಬೇರರ್ ಟೋಕನ್ ಎರಡೂ ಕೂರುವುದು ಅದೇ ಒಂದು ಆಥರೈಸೇಷನ್ ಹೆಡರಿನಲ್ಲಿ. ಟೋಕನ್ ಕಳಿಸಿದರೆ ಎನ್‌ಜಿನ್‌ಎಕ್ಸ್ ತಡೆಯುತ್ತದೆ, ಪಾಸ್‌ವರ್ಡ್ ಕಳಿಸಿದರೆ ಟೋಕನ್ನಿಗೆ ಜಾಗವಿಲ್ಲ. ಎಪಿಐ ದಾರಿಗೆ ಬೇಸಿಕ್ ಆಥ್ ತೆಗೆದು, ಬದಲಿಗೆ ಐಪಿ ವಿಳಾಸದ ಮಿತಿ ಹಾಕುವುದು ಸುಲಭದ ಪರಿಹಾರ.

ಪೈಥಾನ್‌ನ ರಿಕ್ವೆಸ್ಟ್ಸ್ ಬಳಸುವವರು ಹೋಮ್ ಫೋಲ್ಡರಿನ ಲಾಗಿನ್ ವಿವರ ಇಡುವ ನೆಟ್‌ಆರ್‌ಸಿ ಫೈಲ್ ನೋಡಿ. ಅದರಲ್ಲಿ ಅದೇ ಹೋಸ್ಟಿನ ಹೆಸರಿದ್ದರೆ ನೀವು ಬರೆದ ಆಥರೈಸೇಷನ್ ಹೆಡರನ್ನು ಅದು ಸದ್ದಿಲ್ಲದೆ ಅಳಿಸಿ ತನ್ನದನ್ನು ಹಾಕುತ್ತದೆ.

ಇನ್ನು ಕಣ್ಣಿಗೆ ಕಾಣದ ಹೊಸ ಸಾಲು. ಕುಬರ್ನೆಟಿಸ್ ಸೀಕ್ರೆಟ್‌ಗೆ ಟೋಕನ್ ಹಾಕಲು ಎಕೋ ಆದೇಶದಿಂದ ಬೇಸ್64ಗೆ ಕಳಿಸಿದರೆ ಕೊನೆಯಲ್ಲಿ ಹೊಸ ಸಾಲಿನ ಅಕ್ಷರವೂ ಸೇರಿಹೋಗುತ್ತದೆ. ಜ್ಯಾಬಿಕ್ಸ್ ಟೋಕನ್ 64 ಅಕ್ಷರ. ಬೇಸ್64 ಮಾಡಿದರೆ 88 ಅಕ್ಷರ. ಹೊಸ ಸಾಲು ಸೇರಿ 65 ಆದರೂ ಬೇಸ್64ನಲ್ಲಿ 88 ಅಕ್ಷರವೇ. ಉದ್ದ ಎಣಿಸಿದರೆ ತಪ್ಪು ಸಿಗುವುದಿಲ್ಲ. ಕೊನೆ ನೋಡಿ: ಎರಡು ಸಮ ಚಿಹ್ನೆ ಇದ್ದರೆ ಟೋಕನ್ ಶುದ್ಧ, ಒಂದೇ ಇದ್ದರೆ ಹೊಸ ಸಾಲು ನುಸುಳಿದೆ. ಪ್ರೊಮೀಥಿಯಸ್ ಫೈಲಿನಿಂದ ಓದುವಾಗ ಇದನ್ನು ತಾನೇ ಕತ್ತರಿಸಿಕೊಳ್ಳುತ್ತದೆ, ಎನ್ವಿರಾನ್ಮೆಂಟ್ ವೇರಿಯಬಲ್ ಆಗಿ ಓದುವ ಹಲವು ಪ್ರೋಗ್ರಾಮ್‌ಗಳು ಕತ್ತರಿಸುವುದಿಲ್ಲ. ಎಕೋ ಬದಲು ಪ್ರಿಂಟ್‌ಎಫ್ ಬಳಸಿದರೆ ಈ ತಾಪತ್ರಯವೇ ಇಲ್ಲ.

ಎಲ್ಲಿ ಇಡಬೇಕು

ಯುಆರ್‌ಎಲ್‌ನಲ್ಲಿ ಟೋಕನ್ ಬರೆಯಲು ಕೆಲವು ಟೂಲ್‌ಗಳು ಬಿಡುತ್ತವೆ. ಬರೆಯಬೇಡಿ. ಯುಆರ್‌ಎಲ್ ಪ್ರಾಕ್ಸಿಯ ಲಾಗ್‌ಗೆ, ವೆಬ್ ಸರ್ವರಿನ ಲಾಗ್‌ಗೆ ಹಾಗೇ ಇಳಿಯುತ್ತದೆ. ಸರ್ಟ್-ಇನ್ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಅಂದರೆ 90 ದಿನದ ನಿಮ್ಮ ಟೋಕನ್ ಅದರ ಪೂರ್ತಿ ಆಯಸ್ಸಿನುದ್ದಕ್ಕೂ ಲಾಗ್ ಓದಬಲ್ಲ ಎಲ್ಲರ ಕಣ್ಣ ಮುಂದೆ ಇರುತ್ತದೆ. ಕರ್ಲ್ ಆದೇಶದ ಸಾಲಿನಲ್ಲಿ ಬರೆದ ಹೆಡರ್ ಕೂಡ ಶೆಲ್ ಹಿಸ್ಟರಿಯಲ್ಲಿ ಉಳಿಯುತ್ತದೆ; ಹೆಡರನ್ನು ಫೈಲಿನಲ್ಲಿಟ್ಟು ಆ್ಯಟ್ ಚಿಹ್ನೆಯೊಂದಿಗೆ ಫೈಲಿನ ಹೆಸರು ಕೊಡಿ.

ಜ್ಯಾಬಿಕ್ಸ್ ಬೇರೆ ಟೂಲ್‌ನಿಂದ ಓದುವಾಗ ಟೋಕನ್ನನ್ನು ಸೀಕ್ರೆಟ್ ಟೆಕ್ಸ್ಟ್ ಬಗೆಯ ಮ್ಯಾಕ್ರೊದಲ್ಲಿ (ಒಳಗಿರುವುದನ್ನು ಮರೆಮಾಡುವ ವೇರಿಯಬಲ್‌ನಲ್ಲಿ) ಇಡಿ. ಪ್ರೊಮೀಥಿಯಸ್‌ನಲ್ಲಿ ಕಾನ್ಫಿಗ್ ಒಳಗೆ ಬರೆಯುವುದಕ್ಕಿಂತ ಕ್ರೆಡೆನ್ಷಿಯಲ್ಸ್ ಫೈಲ್ ಎಷ್ಟೋ ಮೇಲು. ಟೋಕನ್ ಗಿಟ್‌ಗೆ ಹೋಗುವುದಿಲ್ಲ, ಫೈಲ್ ಬದಲಿಸಿದರೆ ರೀಲೋಡ್ ಇಲ್ಲದೆ ಹೊಸದನ್ನು ಓದುತ್ತದೆ.

ಸಾವನ್ನು ಕೇಳಿಸುವಂತೆ ಮಾಡುವುದು

ಟೂಲ್‌ಗಳು ಟೋಕನ್ನಿನ ಸಾವನ್ನು ಒಂದೇ ರೀತಿ ಹೇಳುವುದಿಲ್ಲ. ಪ್ರೊಮೀಥಿಯಸ್ ನೇರ: 401 ಬಂದರೆ ಅಪ್ ಎಂಬ ಮೆಟ್ರಿಕ್ 0 ಆಗುತ್ತದೆ, ಅದರ ಮೇಲೊಂದು ಅಲರ್ಟ್ ಸಾಕು. ಜ್ಯಾಬಿಕ್ಸ್ ಎಪಿಐ ಹಾಗಲ್ಲ. ಟೋಕನ್ ತಪ್ಪಿದ್ದರೂ ಎಚ್‌ಟಿಟಿಪಿ 200 ಕೊಟ್ಟು, ಎರರನ್ನು ಜೆಸನ್ ಒಳಗೆ ಇಡುತ್ತದೆ. ಬರೀ ಸ್ಟೇಟಸ್ ಕೋಡ್ ನೋಡುವ ಪರೀಕ್ಷೆಗೆ ಇದು ಸಿಗದು. ಉತ್ತರದಲ್ಲಿ ರಿಸಲ್ಟ್ ಇದೆಯೇ, ಹೋಸ್ಟ್‌ಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಿದೆಯೇ ಎಂದು ನೋಡಬೇಕು.

ಗ್ರಫಾನಾದ ಅಲರ್ಟ್ ನಿಯಮದಲ್ಲಿ ಡೇಟಾ ಬರದಿದ್ದರೆ ಏನು, ಎರರ್ ಬಂದರೆ ಏನು ಎಂದು ಎರಡು ಆಯ್ಕೆಗಳಿವೆ. ಗಲಾಟೆ ತಡೆಯಲೆಂದು ಎರಡನ್ನೂ ನಾರ್ಮಲ್ ಮಾಡಿರುವ ಕಡೆ ಸತ್ತ ಟೋಕನ್ ಹಸಿರಾಗಿಯೇ ಕಾಣುತ್ತದೆ. ಎರರ್ ಆಯ್ಕೆಯನ್ನು ಯಾವತ್ತೂ ನಾರ್ಮಲ್‌ಗೆ ಇಡಬೇಡಿ. ಡೇಟಾ ಇಲ್ಲದ ಅಲರ್ಟ್ ತನ್ನದೇ ಡೇಟಾಸೋರ್ಸ್‌ನೋಡೇಟಾ ಎಂಬ ಅಲರ್ಟ್ ಹೆಸರಿನಿಂದ ಹೊರಡುತ್ತದೆ ಎಂಬುದನ್ನೂ ಗಮನಿಸಿ. ಹೆಸರು ನೋಡಿ ದಾರಿ ಮಾಡುವ ನೋಟಿಫಿಕೇಷನ್ ಪಾಲಿಸಿ ಇದ್ದರೆ ಅದು ಯಾರೂ ಓದದ ಇಮೇಲ್‌ಗೆ ಹೋಗಿ ಬೀಳಬಹುದು. ಆ ಹೆಸರಿಗೆ ಪ್ರತ್ಯೇಕ ದಾರಿ ಹಾಕಿ.

ಬದಲಿಸುವ ದಿನ

90 ದಿನದ ಟೋಕನ್ನನ್ನು 75ನೇ ದಿನ ಬದಲಿಸಿ, ಕೊನೆಯ ದಿನ ಭಾನುವಾರವೋ ಹಬ್ಬವೋ ಆಗಿದ್ದರೂ ಆಗ ಹೆದರಬೇಕಿಲ್ಲ. ಅದೇ ಅಕೌಂಟಿಗೆ ಎರಡನೇ ಟೋಕನ್ ಮಾಡಿ, ಜೋಡಣೆಯಲ್ಲಿ ಹೊಸದನ್ನು ಹಾಕಿ, ಹಳೆಯದನ್ನು ಅಳಿಸದೆ ಬಿಡಿ. ಗ್ರಫಾನಾದಲ್ಲೂ ಜ್ಯಾಬಿಕ್ಸ್‌ನಲ್ಲೂ ಟೋಕನ್ ಪಟ್ಟಿಯಲ್ಲಿ ಕೊನೆಯದಾಗಿ ಬಳಸಿದ ಸಮಯ ಕಾಣುತ್ತದೆ. ಹಳೆಯ ಟೋಕನ್ನಿನ ಆ ಸಮಯ ಒಂದು ವಾರ ಅಲುಗದೆ ನಿಂತಿದ್ದರೆ ಮಾತ್ರ ಅಳಿಸಿ. ಮುಂದಕ್ಕೆ ಸರಿಯುತ್ತಿದ್ದರೆ ಎಲ್ಲೋ ಇನ್ನೊಂದು ಸ್ಕ್ರಿಪ್ಟ್ ಅದನ್ನೇ ಬಳಸುತ್ತಿದೆ. ವೆಬ್ ಸರ್ವರಿನ ಲಾಗ್‌ನಲ್ಲಿ ಆ ಸಮಯದ ಸಾಲು ಹುಡುಕಿದರೆ ಯಾವ ಐಪಿಯಿಂದ ಬರುತ್ತಿದೆ ಎಂದು ಸಿಗುತ್ತದೆ. ಆ ಸ್ಕ್ರಿಪ್ಟಿಗೆ ಹಳೆಯದನ್ನು ಹಂಚದೆ ಅದರದ್ದೇ ಟೋಕನ್ ಮಾಡಿಕೊಡಿ.